ಬಿಗಿ ಮಾಡಿದ್ದನ್ನು ಸಡಿಲಿಸಿದ ದಿನ

ನನ್ನ ಪೋಲೊ ಜಿಟಿ ಕಾರಿಗೆ ಕಾಯಿಲೋವರ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಜೋಡಣೆ) ಹಾಕಿಸಿದ ಮೊದಲ ತಿಂಗಳು ಶಾಕ್ಸ್, ಅಂದರೆ ಶಾಕ್ ಅಬ್ಸಾರ್ಬರ್, ಎಲ್ಲವನ್ನೂ ಹೆಚ್ಚುಕಡಿಮೆ ಪೂರ್ತಿ ಬಿಗಿ ಮಾಡಿಕೊಂಡೇ ಓಡಿಸಿದೆ. ಬಿಗಿ ಇದ್ದಷ್ಟೂ ಗಾಡಿ ರಸ್ತೆಗೆ ಅಂಟಿಕೊಳ್ಳುತ್ತದೆ ಅಂತ ನಂಬಿದ್ದೆ. ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕ್‌ಗೆ ಹೋದಾಗ ಆ ನಂಬಿಕೆ ಉಳಿಯಲಿಲ್ಲ. 2.1 ಕಿ.ಮೀ.ನ ಚಿಕ್ಕ ಟ್ರ್ಯಾಕ್ ಅದು. ತಿರುವಿನಲ್ಲಿ ಟಾರು ಸ್ವಲ್ಪ ಏರುಪೇರಾಗಿದ್ದರೂ ಸಾಕು, ಮುಂದಿನ ಟಯರ್ ಹಿಡಿತ ಬಿಟ್ಟು ಗಾಡಿ ಹೊರಗಡೆಗೆ ಜಾರುತ್ತಿತ್ತು.

ನನ್ನ ಶಾಕ್ಸ್‌ನಲ್ಲಿ ಒಂದೇ ನಾಬ್, 16 ಕ್ಲಿಕ್. ಅದು ಮುಖ್ಯವಾಗಿ ಬದಲಿಸುವುದು ರಿಬೌಂಡನ್ನು. ಅಂದರೆ, ಕುಗ್ಗಿದ ಸ್ಪ್ರಿಂಗ್ ವಾಪಸ್ ಹಿಗ್ಗುವಾಗ ಅದನ್ನು ಎಷ್ಟು ತಡೆಯಬೇಕು ಅನ್ನುವುದನ್ನು. ತಡೆ ಜಾಸ್ತಿಯಾದರೆ, ಒಂದು ಉಬ್ಬಿಗೆ ಕುಗ್ಗಿದ ಸ್ಪ್ರಿಂಗ್ ಸರಿಯಾಗಿ ಹಿಗ್ಗುವ ಮೊದಲೇ ಮುಂದಿನ ಉಬ್ಬು ಬಂದುಬಿಡುತ್ತದೆ. ಗಾಡಿ ಒಂದಿಷ್ಟೊಂದಿಷ್ಟೇ ಕುಸಿಯುತ್ತಾ ಹೋಗಿ ಬಂಪ್ ಸ್ಟಾಪ್ ಮೇಲೆ, ಅಂದರೆ ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ರಬ್ಬರ್ ತುಂಡಿನ ಮೇಲೆ, ಕೂರುತ್ತದೆ. ಇದು ಖಾತ್ರಿಯಾಗಿದ್ದು ಎರಡು ಕೇಬಲ್ ಟೈಗಳಿಂದ. ಮುಂದಿನ ಶಾಕ್‌ಗಳ ರಾಡಿಗೆ ಒಂದೊಂದು ಸುತ್ತಿ, ಕೆಳಗೆ ಸೀಲ್‌ವರೆಗೂ ಇಳಿಸಿಟ್ಟಿದ್ದೆ. ನಾಲ್ಕು ಸುತ್ತು ಓಡಿಸಿ ಬಂದು ಜಾಕ್ ಕೊಟ್ಟು ನೋಡಿದರೆ, ಎರಡೂ ಟೈ ಮೇಲೆ ಹೋಗಿ ಬಂಪ್ ಸ್ಟಾಪ್‌ಗೆ ಒತ್ತಿಕೊಂಡಿದ್ದವು.

ಆಮೇಲೆ ಎಲ್ಲ ಮೊದಲಿನಿಂದ ಶುರು ಮಾಡಿದೆ. ನಾಬನ್ನು ಬಿಗಿಯ ಕಡೆಗೆ ನಿಧಾನಕ್ಕೆ ತಿರುಗಿಸಿ, ನಿಂತ ಜಾಗವನ್ನು ಸೊನ್ನೆ ಅಂದುಕೊಂಡು ಅಲ್ಲಿಂದ ಸಡಿಲಿಸುತ್ತಾ ಎಣಿಸಿದೆ. ಅಂಕಿ ಹೆಚ್ಚಾದಷ್ಟೂ ಸಡಿಲ. ಒತ್ತಿ ತಿರುಗಿಸಬೇಡಿ, ಒಳಗಿನ ಸೂಜಿ ಹಾಳಾಗುತ್ತದೆ. ಎಣಿಸುವಾಗಲೇ ಇನ್ನೊಂದು ತಪ್ಪು ಸಿಕ್ಕಿತು. ಹಿಂದಿನ ಎರಡೂ 2ರಲ್ಲಿವೆ ಅಂದುಕೊಂಡಿದ್ದೆ, ಎಡಗಡೆಯದು 7ರಲ್ಲಿತ್ತು! ಚಕ್ರದ ಹಿಂದಿನ ಸಂದಿಯಲ್ಲಿ ಕಾಣದೆ ಕೈಯಂದಾಜಿನಲ್ಲೇ ತಿರುಗಿಸಿದ್ದೆ. ಈಗ ನಾಲ್ಕನ್ನೂ ಪುಸ್ತಕದಲ್ಲಿ ಬರೆದಿಡುತ್ತೇನೆ.

ಟಯರ್ ಬಿಸಿ ಇದ್ದಾಗಲೇ ಎಡ ಬಲದ ಗಾಳಿ ಸಮ ಮಾಡಿ, ಎಲ್ಲವನ್ನೂ 8ಕ್ಕೆ ತಂದೆ. ಒಂದು ಸಲಕ್ಕೆ ಮುಂದೆ ಅಥವಾ ಹಿಂದೆ ಮಾತ್ರ, ಅದೂ ಎರಡೇ ಕ್ಲಿಕ್. ಮುಂದೆ 10ಕ್ಕೆ ಬಿಟ್ಟಾಗ ಅದೇ ತಿರುವಿನಲ್ಲಿ ಟಯರ್ ನೆಲ ಬಿಡಲಿಲ್ಲ. ಸ್ಟಿಯರಿಂಗ್ ಹಿಡಿದ ಕೈಗೇ ಗೊತ್ತಾಯಿತು. ಆಸೆಗೆ 12 ಮಾಡಿದೆ, ಬ್ರೇಕ್ ಬಿಟ್ಟ ತಕ್ಷಣ ಮೂತಿ ಮೇಲೆದ್ದು ಗಾಡಿ ತೇಲಿತು. ವಾಪಸ್ 10. ಹಿಂದೆ ಮಾತ್ರ 6ಕ್ಕೆ ಬಿಗಿ ಮಾಡಿದೆ. ಮುಂಚಕ್ರ ಎಳೆಯುವ ಗಾಡಿ ಅಲ್ವಾ, ಹಿಂಬದಿ ಸ್ವಲ್ಪ ಬಿಗಿ ಇದ್ದರೆ ತಿರುವಿಗೆ ಬೇಗ ಹೊರಳುತ್ತದೆ. ಒಂದು ಮಾತು: ಶಾಕ್ಸ್ ಕೆಲಸ ಮಾಡುವುದು ಉಬ್ಬಿಗೋ, ಗಾಡಿಯ ಭಾರ ಅತ್ತಿತ್ತ ಸರಿದೋ ಅವು ಕುಗ್ಗಿ ಹಿಗ್ಗುವಾಗ ಮಾತ್ರ. ಉದ್ದ ತಿರುವಿನಲ್ಲಿ ಒಂದೇ ಸಮನೆ ಹೊರಗೆ ಜಾರುತ್ತಿದ್ದರೆ ಸುಮ್ನೆ ನಾಬ್ ತಿರುಗಿಸಿ ಪ್ರಯೋಜನವಿಲ್ಲ. ಸ್ಪ್ರಿಂಗ್, ಆಂಟಿ ರೋಲ್ ಬಾರ್ (ತಿರುವಿನಲ್ಲಿ ಗಾಡಿ ಪಕ್ಕಕ್ಕೆ ವಾಲದಂತೆ ತಡೆಯುವ ಸರಳು), ಚಕ್ರಗಳ ಅಲೈನ್‌ಮೆಂಟ್ ನೋಡಬೇಕು.

ಸಂಜೆ ಟ್ರ್ಯಾಕ್ ಬಿಡುವ ಮೊದಲು ನಾಲ್ಕನ್ನೂ 13ಕ್ಕೆ ಸಡಿಲಿಸಿದೆ. ಒಂದು ತಿಂಗಳಿಂದ ಈ ಗಾಡಿ ಹತ್ತಲು ಒಪ್ಪದ ತಂಗಿ, ಸೇಲಂ ದಾಟಿದ ಮೇಲೆ ಪಕ್ಕದ ಸೀಟಿನಲ್ಲಿ ನಿದ್ದೆ ಹೋದವಳು ಹೊಸೂರಿನವರೆಗೂ ಏಳಲಿಲ್ಲ.