ಬಣ್ಣ ಕಡಿಮೆ ಹಾಕಿದೆ, ಕೆಂಪು ಜಾಸ್ತಿ ಬಂತು

ಮೂಟೆ ಸಿಮೆಂಟಿಗೆ 4 ಕೆಜಿ ರೆಡ್ ಆಕ್ಸೈಡ್ ಸುರಿದರೂ ನಮ್ಮ ಇಂಟರ್‌ಲಾಕ್ ಕಲ್ಲು ಸುಟ್ಟೂ ಸುಡದ ಇಟ್ಟಿಗೆಯ ಹಾಗೆ ಕಾಣುತ್ತಿತ್ತು. ಬಣ್ಣ ಅರ್ಧ ಮಾಡೋಣ ಎಂದಾಗ ಮೇಸ್ತ್ರಿ ನಕ್ಕುಬಿಟ್ಟರು. ಈಗ 2 ಕೆಜಿ ಚಿಲ್ಲರೆಯಲ್ಲೇ ಕೆಲಸ ಮುಗಿಯುತ್ತಿದೆ.

ಮೊದಲು ದುಡ್ಡು ಕಳೆದದ್ದು ಅಗ್ಗದ ಪುಡಿಯಲ್ಲಿ. ಕೆಜಿಗೆ 100ರ ಆಸುಪಾಸಿನ ಮಾಲು ಬಿಟ್ಟು 45ರದ್ದು ತಂದೆ. ಒಬ್ಬರ ಅಂಗಳಕ್ಕೆ ಹಾಕಿದ ಕಲ್ಲು ಎರಡೇ ಮಳೆಗೆ ಬಿಳುಚಿಕೊಂಡಿತು. ಸುಮಾರು 1,200 ಚದರಡಿ ಕಿತ್ತು ಹೊಸದು ಹಾಕಿಕೊಟ್ಟೆ. 60 ಸಾವಿರದ ಹತ್ತಿರ ಹೋಯಿತು.

ಅಂದಿನಿಂದ ಯಾವ ಮೂಟೆ ಬಂದರೂ ಒಂದು ಚಮಚ ಪುಡಿ ಲೋಟದ ನೀರಿಗೆ ಹಾಕಿಡುತ್ತೇನೆ. ಬೆಳಿಗ್ಗೆ ಪುಡಿ ತಳಕ್ಕೆ ಇಳಿದಿದ್ದರೂ ನೀರು ಕೆಂಪಗೇ ಇದ್ದರೆ ಡೈ, ಅಂದರೆ ನೀರಲ್ಲಿ ಕರಗುವ ಬಣ್ಣ, ಬೆರೆಸಿರುವ ಅನುಮಾನ. ನಿಂಬೆರಸ ಹಿಂಡಿದಾಗ ನೊರೆ ಬಂದರೆ ಸುಣ್ಣದ ಕಲ್ಲಿನ ಪುಡಿ ಇದೆ. ಕಪ್ಪು ಆಕ್ಸೈಡಿಗೆ ಆಯಸ್ಕಾಂತ ಹಿಡಿಯಿರಿ, ಅಂಟಬೇಕು. ಅಂಟದಿದ್ದರೆ ಅದು ಕಾರ್ಬನ್ ಕಪ್ಪು (ಮಸಿಯಂಥ ಪುಡಿ) ಇರಬಹುದು, ಮಳೆಗೆ ತೊಳೆದುಹೋಗುವ ಜಾತಿ.

ಒಳ್ಳೆ ಮಾಲು ತಂದರೂ ಕಲ್ಲಿನ ಮೇಲೆ ಚುಕ್ಕಿ ಚುಕ್ಕಿ. ನಾವು ಸಿಮೆಂಟ್, ನೀರು ಎಲ್ಲ ಹಾಕಿ ಕೊನೆಗೆ ಬಣ್ಣ ಸುರಿಯುತ್ತಿದ್ದೆವು. ಉಂಡೆಗಳು ಒಡೆಯುವುದು ಎಲ್ಲಿಂದ? ಕ್ರಮ ತಿರುಗಿಸಿದೆ. ಒಣ ಜಲ್ಲಿಪುಡಿ ಮತ್ತು ಬಣ್ಣ ಮಾತ್ರ ಹಾಕಿ ಎರಡು ನಿಮಿಷ ಮಿಕ್ಸರ್ ತಿರುಗಿಸಿದರೆ ಜಲ್ಲಿಯೇ ಉಂಡೆಗಳನ್ನು ಅರೆಯುತ್ತದೆ. ಆಮೇಲೆ ಸಿಮೆಂಟ್, ಕೊನೆಗೆ ನೀರು. ನೀರನ್ನೂ ಮೂಟೆಗೆ 25 ಲೀಟರಿನಿಂದ 19ಕ್ಕೆ ಇಳಿಸಿದೆ. ನೀರು ಜಾಸ್ತಿ ಆದಷ್ಟೂ ಬಣ್ಣ ತೆಳು, ಮೇಲೆ ಬಿಳಿ ಉಪ್ಪು ಬೇರೆ. ಇಷ್ಟು ಗಟ್ಟಿ ಮಾಲು ಮೌಲ್ಡಿಗೆ ಹೇಗೆ ಇಳಿಯುತ್ತದೆ ಅಂತೀರಾ? ಅದಕ್ಕೆ ಹಾಕುವುದೇನು, ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಹುಚ್ಚು. ಹಳದಿ ಆಕ್ಸೈಡನ್ನು ಹಳೇ ಕಾವಲಿಯಲ್ಲಿ ಹುರಿದೆ. ಅದರೊಳಗೆ ನೀರಿನಂಶ ಇರುತ್ತದಲ್ವಾ, ಅದು ಹೋಗುತ್ತಿದ್ದಂತೆ ಪುಡಿ ಚೆಂದ ಕೆಂಪಾಯಿತು. ಆದರೆ ನನಗೆ ಹಳದಿ ಸಿಗುವುದೇ ಕೆಂಪಿಗಿಂತ ದುಬಾರಿಗೆ! ಕಾವಲಿ ಹಾಳಾದ್ದಕ್ಕೆ ಮನೆಯಲ್ಲಿ ಬೈಸಿಕೊಂಡದ್ದೇ ಲಾಭ. ಹಳದಿ ಕಲ್ಲಿಗೆ ಮಾತ್ರ ಬಿಳಿ ಸಿಮೆಂಟ್ ಹಾಕಲೇಬೇಕು, ಇಲ್ಲದಿದ್ದರೆ ಹಸಿರು ಹಸಿರು ಕಾಣುತ್ತದೆ. ಮೇಲಿನ ಅರ್ಧ ಇಂಚಿಗೆ ಹಾಕಿದರೆ ಸಾಕು.

ಮೊನ್ನೆ ಮೇಸ್ತ್ರಿ ತಮ್ಮ ಮನೆ ಮುಂದಕ್ಕೆ 300 ಕೆಂಪು ಕಲ್ಲು ಕೇಳಿದರು. ರೇಟು ಇಳಿಸು ಅಂದರು. ಇಳಿಸಲಿಲ್ಲ.