ಹಳೇ ಕ್ಯಾಂಪರ್ ವ್ಯಾನಿನ ಹೀಟರ್ ನಾನು ಯಾಕೆ ಕೀಳಲಿಲ್ಲ

ಒಳಗೇ ಮಲಗಿ ಉಳಿಯೋಕೆ ಆಗುವ ನನ್ನ ಹಳೇ ಕ್ಯಾಂಪರ್ ವ್ಯಾನಿನ ಹೀಟರ್ ಕೆಟ್ಟಾಗ ಗ್ಯಾರೇಜಿನವರು "ಕಿತ್ತು ಬಿಸಾಕಿ, ಹೊಸದು ಹಾಕಿಸಿ" ಅಂದರು. ವ್ಯಾನ್ ಇಟ್ಟುಕೊಂಡ ಗೆಳೆಯರದ್ದೂ ಅದೇ ಮಾತು. ಒಬ್ಬರಂತೂ ಆ ಜಾಗದಲ್ಲಿ ಕಪಾಟು ಮಾಡಿಸಿ, ದಪ್ಪ ಕಂಬಳಿ ಹೊದ್ದು ಮಲಗಿ ಅಂದುಬಿಟ್ಟರು. ನಾನು ಕೀಳಲಿಲ್ಲ. ಈಗ ಸ್ವಿಚ್ ಒತ್ತಿದರೆ ಮೂರ್ನಾಲ್ಕು ನಿಮಿಷಕ್ಕೆ ಬಿಸಿ ಗಾಳಿ ಬರುತ್ತೆ. ಹೇಳಿದವರೆಲ್ಲ ಸುಮ್ಮನಾಗಿದ್ದಾರೆ.

ನನ್ನದು ಡೀಸೆಲ್ ಹೀಟರ್, 2 ಕಿಲೋವ್ಯಾಟಿನದು. ರೋಗ ನೀವೂ ನೋಡಿರುತ್ತೀರಿ. ಫ್ಯಾನ್ ತಿರುಗುತ್ತೆ, ಪಂಪು ಟಿಕ್ ಟಿಕ್ ಅನ್ನುತ್ತೆ, ಬಿಳಿ ಹೊಗೆ ಬರುತ್ತೆ, ಆಮೇಲೆ ಆಫ್.

ಮೊದಲು ದುಡ್ಡಿನ ಲೆಕ್ಕ. ಹೊಸ ಹೀಟರಿಗೆ ನೂರು ಕೊಡಬೇಕು ಅಂದ್ಕೊಳ್ಳಿ. ಹಳೇದು ಕಿತ್ತು, ನೆಲದ ತೂತು ಮುಚ್ಚಿ, ಡೀಸೆಲ್ ಪೈಪು ಬಂದ್ ಮಾಡೋದಕ್ಕೇ ಮೂವತ್ತು ಕೇಳಿದರು. ಏನೂ ಇಲ್ಲದಂತೆ ಮಾಡೋಕೆ ಮೂವತ್ತು! ನನಗೆ ರಿಪೇರಿಗೆ ಆಗಿದ್ದು ಹೆಚ್ಚುಕಮ್ಮಿ ಇಪ್ಪತ್ತು. ಗ್ಲೋ ಪ್ಲಗ್ (ಕೆಂಪಗೆ ಕಾದು ಡೀಸೆಲ್ ಹೊತ್ತಿಸುವ ಕಡ್ಡಿ), ಅದರ ಸುತ್ತಲಿನ ಜಾಲರಿ, ಗ್ಯಾಸ್ಕೆಟ್‌ಗಳು, ವೈರು, ಅಷ್ಟೇ.

ಆದರೆ ಗ್ಲೋ ಪ್ಲಗ್ ಹೊಸದು ಹಾಕಿದ ಮೇಲೂ ಅದೇ ಹೊಗೆ, ಅದೇ ಆಫ್. ಜಾಲರಿ ಬದಲಿಸಿದೆ. ಹಳೇದು ಇದ್ದಿಲಿನ ಹಾಗೆ ಪುಡಿಪುಡಿಯಾಗಿ ಬಂತು. ಎರಡು ದಿನ ಚೆನ್ನಾಗಿ ಉರಿದು ಮತ್ತೆ ನಿಂತಿತು. ಎಲ್ಲರೂ "ಹೇಳಿರಲಿಲ್ವಾ" ಅಂದಿದ್ದು ಆಗಲೇ.

ಬ್ಯಾಟರಿ ಹತ್ತಿರ ಅಳೆದರೆ 12.6 ವೋಲ್ಟ್, ಕೊರತೆಯೇ ಇಲ್ಲ. ಮಲ್ಟಿಮೀಟರ್ ಕಡ್ಡಿಗಳನ್ನ ಹೀಟರಿಗೆ ವೈರು ಸೇರುವ ಕನೆಕ್ಟರಿಗೇ ಚುಚ್ಚಿ ಸ್ಟಾರ್ಟ್ ಮಾಡಿದೆ. ಗ್ಲೋ ಪ್ಲಗ್ ಎಂಟು-ಹತ್ತು ಆಂಪಿಯರ್ ಎಳೆಯೋಕೆ ಶುರು ಮಾಡಿದ್ದೇ ತಡ, ಮೀಟರ್ 11.8, 11.1, ಆಮೇಲೆ 10.4ಕ್ಕೆ ಇಳೀತು. 10.5ರ ಆಸುಪಾಸಿಗೆ ಇಳಿದರೆ ಇಂಥ ಹೀಟರುಗಳು ತಾವಾಗಿಯೇ ಕೈ ಎತ್ತುತ್ತವೆ. ಹೀಟರಿನ ಕಾಯಿಲೆಯೇ ಅಲ್ಲ ಅದು, ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಫ್ಯೂಸ್ ಹೋಲ್ಡರ್ ಒಳಗೆ ಹಸಿರು ಕಿಲುಬು, ವೈರು ನೂಲಿನಷ್ಟು ತೆಳು. ಬ್ಯಾಟರಿಯಿಂದ ನೇರವಾಗಿ 6 ಚದರ ಮಿಲಿಮೀಟರ್ ವೈರು ಎಳೆದೆ, ಅರ್ತ್‌ಗೂ ಅದನ್ನೇ ಹಾಕಿದೆ. ಈಗ ಸ್ಟಾರ್ಟಿನಲ್ಲೂ 11.9ಕ್ಕಿಂತ ಕೆಳಗೆ ಹೋಗಲ್ಲ.

ಹೊತ್ತಿಕೊಂಡ ಮಾತ್ರಕ್ಕೆ ಇಟ್ಟುಕೊಳ್ಳಬಹುದು ಅಂತಲ್ಲ. ಮಲಗುವ ಜಾಗ ಅದು. ಹೀಟ್ ಎಕ್ಸ್‌ಚೇಂಜರ್ (ಹೊಗೆಯನ್ನ ಬೇರೆ ಇಟ್ಟು ಬಿಸಿಯನ್ನ ಮಾತ್ರ ಗಾಳಿಗೆ ದಾಟಿಸುವ ಲೋಹದ ಗೂಡು) ಬಿರುಕು ಬಿಟ್ಟಿದ್ದರೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿ ಒಳಗೆ ಬರುತ್ತೆ, ವಾಸನೆಯೂ ಇರಲ್ಲ. ಬಿಚ್ಚಿ, ಮಸಿ ಕೆರೆದು, ಹೊಗೆಯ ಬಾಯಿ ಮುಚ್ಚಿ, ಒಳಗೆ ಸೀಮೆಎಣ್ಣೆ ತುಂಬಿದೆ. ಹೊರಗೆಲ್ಲ ಚಾಕ್‌ಪೀಸ್ ಬಳಿದು ರಾತ್ರಿಯಿಡೀ ಬಿಟ್ಟೆ. ಕೂದಲೆಳೆ ಬಿರುಕಿದ್ದರೂ ಬಿಳಿ ಚಾಕಿನ ಮೇಲೆ ಒದ್ದೆ ಗೆರೆ ಮೂಡುತ್ತೆ. ಮೂಡಲಿಲ್ಲ. ಮೂಡಿದ್ದರೆ ಅವತ್ತೇ ಗುಜರಿಗೆ. ಪೂರ್ತಿ ಒಣಗಿಸಿ ಜೋಡಿಸಿದೆ. ಆದರೂ ಹಾಸಿಗೆ ಹತ್ತಿರ ಆ ವಿಷಗಾಳಿ ಬಂದರೆ ಕೂಗುವ ಅಲಾರಂ ಇಟ್ಟೇ ಇಟ್ಟಿದ್ದೇನೆ. ಹೊಸ ಹೀಟರ್ ಹಾಕಿದವರೂ ಇಡಬೇಕು, ಅಲ್ವಾ?

ನಡುವೆ ಬೇರೆ ದಾರಿಗಳನ್ನೂ ನೋಡಿದೆ. ಇನ್ವರ್ಟರ್ ಮೇಲೆ 1500 ವ್ಯಾಟಿನ ಕರೆಂಟ್ ಹೀಟರ್ ಇಟ್ಟೆ. 12 ವೋಲ್ಟಿನಲ್ಲಿ 125 ಆಂಪಿಯರಿಗೂ ಜಾಸ್ತಿ ಎಳೆಯುತ್ತೆ. 100 ಆಂಪಿಯರ್-ಅವರ್ ಬ್ಯಾಟರಿ ಅರ್ಧ ಗಂಟೆ ಕೂಡ ತಡೆಯಲಿಲ್ಲ. ಹೊಗೆ ಕೊಳವೆ ಇಲ್ಲದ ಗ್ಯಾಸ್ ಹೀಟರನ್ನ ಕಿಟಕಿ ತೆರೆದಿಟ್ಟು ಒಂದು ಸಂಜೆ ಹಚ್ಚಿದೆ. ಗಾಜಿನ ಮೇಲೆಲ್ಲ ನೀರು ಇಳೀತು. ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಲೀಟರಿಗಿಂತ ಜಾಸ್ತಿ ನೀರು ಹುಟ್ಟುತ್ತೆ, ಜೊತೆಗೆ ವಿಷದ ಭಯ. ಅದು ಬೇಡವೇ ಬೇಡ.

ಸಣ್ಣ ಉರಿಯಲ್ಲಿ ರಾತ್ರಿಯಿಡೀ ಬಿಟ್ಟರೆ ಮಸಿ ಕಟ್ಟುತ್ತೆ. ಹಾಗಾಗಿ ಆಗಾಗ ಇಪ್ಪತ್ತು-ಮೂವತ್ತು ನಿಮಿಷ ಪೂರ್ತಿ ಉರಿಯಲ್ಲಿ ಓಡಿಸುತ್ತೇನೆ. ಜಾಲರಿ ಕೂರಿಸುವ ಮುಂಚೆ ನಾನು ಇನ್ನೊಂದು ಕೆಲಸ ಮಾಡುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಅದೇ ಸೀಮೆಎಣ್ಣೆ-ಚಾಕಿನ ಪರೀಕ್ಷೆಯನ್ನ ಗೆಳೆಯರೊಬ್ಬರ ವ್ಯಾನಿನ ಹೀಟರಿಗೂ ಮಾಡಿದೆವು. ಅವರದ್ದು ಸ್ವಿಚ್ ಒತ್ತಿದ ಕೂಡಲೇ ಹೊತ್ತಿಕೊಳ್ಳುತ್ತಿತ್ತು, ನೋಡೋಕೂ ಹೊಸದರಂತಿತ್ತು. ಬೆಳಿಗ್ಗೆ ನೋಡಿದರೆ ಚಾಕಿನ ಮೇಲೆ ಎರಡು ಇಂಚು ಒದ್ದೆ ಗೆರೆ. ಅವರು ಅದೇ ದಿನ ಹೊಸ ಹೀಟರಿಗೆ ಅಡ್ವಾನ್ಸ್ ಕೊಟ್ಟರು. ಹಳೇದರ ಫ್ಯಾನ್ ಮತ್ತು ಪಂಪು ನಾನು ತಗೊಂಡೆ, ಸ್ಪೇರ್ ಆಗುತ್ತೆ ಅಂತ.