ವಾಯ್ಸ್ ನೋಟ್‌ನಲ್ಲೇ ಕೆಲಸ ಆಯ್ತು: ಚುನಾವಣೆ ಸುಳ್ಳುಗಳ ಹಿಂದೆ ಓಡಾಡಿದ ನನ್ನ ಅನುಭವ

ಟಿವಿಯವರು ಒಂದು ಗಂಟೆ ಚರ್ಚಿಸಿ ಹಬ್ಬಿಸಿದ ಚುನಾವಣೆ ಸುಳ್ಳಿಗೆ ಉತ್ತರ ಕೊಡಲು ವಾಟ್ಸಾಪ್‌ನಲ್ಲಿ ಅರ್ಧ ನಿಮಿಷದ ವಾಯ್ಸ್ ನೋಟ್ ಸಾಕು ಅಂದಾಗ ಬೆಂಗಳೂರಿನ ಗೆಳೆಯರು ನಕ್ಕಿದ್ದರು. ಫ್ಯಾಕ್ಟ್‌ಚೆಕ್ (ಸುದ್ದಿ ನಿಜವೋ ಸುಳ್ಳೋ ಅಂತ ನೋಡುವುದು) ಅಂದರೆ ಲಿಂಕ್ ಬೇಕು, ಸ್ಕ್ರೀನ್‌ಶಾಟ್ ಬೇಕು, ಮೇಲೊಂದು "ಸುಳ್ಳು" ಅನ್ನುವ ಕೆಂಪು ಮುದ್ರೆ ಬೇಕು ಅನ್ನುವುದು ಅವರ ವಾದ. ಅವರಲ್ಲೇ ಇಬ್ಬರು ಈಚೆಗೆ ಫೋನ್ ಮಾಡಿ, "ಸಾರ್, ಆ ಸ್ಕ್ರಿಪ್ಟ್ ಹೇಗೆ ಬರೀತೀರಾ, ಒಂದೆರಡು ಕಳಿಸಿ" ಅಂದರು. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಫೋಟೊ, ವಿಡಿಯೋ, ಹಳೇ ವೆಬ್ ಪುಟಗಳ ಮೂಲ ಹುಡುಕುವ ಇನ್‌ವಿಡ್, ಲೆನ್ಸ್, ಯಾಂಡೆಕ್ಸ್, ವೇಬ್ಯಾಕ್‌ಗಳ ಪಾಠ ಇಲ್ಲಿ ಬೇಡ.

ನನ್ನದು ತಿಪಟೂರಿನಲ್ಲಿ ಡಿಟಿಪಿ ಅಂಗಡಿ. ಮೊದಲು ಜಿಲ್ಲಾ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಹಾಗಾಗಿ ಮೂರೂ ಪಕ್ಷದವರು, ಸೊಸೈಟಿಯವರು, ಡೇರಿ ಕಾರ್ಯದರ್ಶಿಗಳು ಪರಿಚಯ. ಕೊಬ್ಬರಿ ಹರಾಜಿನ ದಿನ ಅಂಗಡಿ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಸುತ್ತ ಹಳ್ಳಿಗಳಲ್ಲಿ ಯಾವ ಸುಳ್ಳು ಓಡುತ್ತಿದೆ ಅಂತ ಗೊತ್ತಾಗುತ್ತದೆ.

ನನಗೆ ಈ ಹುಚ್ಚು ಹಿಡಿದದ್ದು 2018ರ ವಿಧಾನಸಭೆ ಚುನಾವಣೆಯಲ್ಲಿ. ಬಿಬಿಸಿ ಸಮೀಕ್ಷೆ ಅಂತ ಒಂದು ಮೆಸೇಜ್ ಬಂತು, ನಿಮಗೂ ಬಂದಿರುತ್ತದೆ. ಬಿಜೆಪಿಗೆ 135 ಸೀಟು, ಕೆಳಗೆ ಬಿಬಿಸಿ ವೆಬ್‌ಸೈಟಿನ ಲಿಂಕ್. ಲಿಂಕ್ ಒತ್ತಿದರೆ ಬರೀ ಮುಖಪುಟ ತೆರೆಯುತ್ತಿತ್ತು. ಅಂಥ ಸಮೀಕ್ಷೆಯನ್ನೇ ಮಾಡಿಲ್ಲ ಅಂತ ಬಿಬಿಸಿಯವರು ಹೇಳಿದರು. ಆದರೆ ಅವರು ಹೇಳಿದ್ದು ನಮ್ಮ ಹಳ್ಳಿಗಳಿಗೆ ಬರಲೇ ಇಲ್ಲ, ಸಮೀಕ್ಷೆ ಮಾತ್ರ ಬಂತು. ಬಿಜೆಪಿಗೆ ಸಿಕ್ಕಿದ್ದು 104. (ತಮಾಷೆ ನೋಡಿ, 2023ರಲ್ಲಿ 135 ಬಂತು, ಆದರೆ ಕಾಂಗ್ರೆಸ್‌ಗೆ!) ಹೆಸರು ಲಂಡನ್ನಿನದು, ಕೈ ನಮ್ಮವರದೇ. ಆಮೇಲೆ ನಾನು ನೋಡಿದ್ದರಲ್ಲಿ ಮುಕ್ಕಾಲು ಪಾಲು ಇದೇ ಥರದ್ದು.

ಅದೇ ವರ್ಷದ ಮಕ್ಕಳ ಕಳ್ಳರ ವಿಡಿಯೋ ಯಾರು ಮರೆಯುತ್ತಾರೆ? ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆ ಅಂತ ಮಾಡಿದ ಜಾಗೃತಿ ವಿಡಿಯೋ. ಕೊನೆಯಲ್ಲಿ ಅವರೇ ಮಗುವನ್ನು ವಾಪಸ್ ತಂದು ಬಿಟ್ಟು ಒಂದು ಫಲಕ ತೋರಿಸುತ್ತಾರೆ. ಆ ಕೊನೆಯನ್ನು ಕತ್ತರಿಸಿದ್ದರು. ಆ ಗಾಳಿಸುದ್ದಿಯ ಹೊತ್ತಿನಲ್ಲೇ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜನ ಸೇರಿ ಅಮಾಯಕರನ್ನು ಹೊಡೆದು ಕೊಂದರು. "ಪಾಕಿಸ್ತಾನದ ವಿಡಿಯೋ" ಅನ್ನುವುದು ನಿಜವೇ. ಪಾಕಿಸ್ತಾನದವರು ನಮ್ಮ ಮೇಲೆ ಬಿಟ್ಟದ್ದು ಅಂದರೆ ಮಾತ್ರ ಸುಳ್ಳು. ಈ ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆದುಕೊಳ್ಳುವ ಅಭ್ಯಾಸ ಅಲ್ಲಿಂದಲೇ ಬಂತು: ದೃಶ್ಯ ಎಲ್ಲಿಯದು, ಕನ್ನಡದಲ್ಲಿ ಮಾತು ಸೇರಿಸಿದವರು ಯಾರು.

ಈಗ ದುಡ್ಡು ಕಳೆದುಕೊಂಡ ಕತೆ. 2023ರ ಚುನಾವಣೆಗೆ ಮೊದಲು ಸುಳ್ಳು ಸುದ್ದಿಯ ಚಿತ್ರದ ಮೂಲೆಗೆ ಕೆಂಪು ಮುದ್ರೆ ಹಾಕಿದ ಕಾರ್ಡ್ ಮಾಡಿದೆವು, ಒಂದಕ್ಕೆ ನೂರೈವತ್ತರಂತೆ ಡಿಸೈನ್ ಹುಡುಗನಿಗೆ ಆರು ಸಾವಿರದ ಹತ್ತಿರ ಕೊಟ್ಟೆ. ಯಾರೋ ಪುಣ್ಯಾತ್ಮ ಮುದ್ರೆ ಇದ್ದ ಮೂಲೆಯನ್ನು ಕತ್ತರಿಸಿ ನಮ್ಮ ಕಾರ್ಡನ್ನೇ ಹಂಚಿದ. ನಾವೇ ಒಳ್ಳೆ ಕ್ವಾಲಿಟಿಯಲ್ಲಿ ಸುಳ್ಳು ಒದಗಿಸಿದ ಹಾಗಾಯಿತು! ಆಮೇಲೆ ಪೋಸ್ಟ್ ಬೂಸ್ಟ್ ಮಾಡೋಣ, ಅಂದರೆ ದುಡ್ಡು ಕೊಟ್ಟು ಹೆಚ್ಚು ಜನಕ್ಕೆ ತೋರಿಸೋಣ ಅಂತ ಒಂದು ಸೋಷಿಯಲ್ ಮೀಡಿಯಾ ಕಂಪನಿಗೆ ಎರಡು ಸಾವಿರ ಕಟ್ಟಿದೆ. ಚುನಾವಣೆ ವಿಷಯ, ಗುರುತಿನ ಚೀಟಿ ಕೊಡಿ, ದುಡ್ಡು ಯಾರದ್ದು ಅಂತ ಹಾಕಿ ಅಂದರು. ಎಲ್ಲ ಕೊಟ್ಟೆ. ಒಪ್ಪಿಗೆ ಬರುವ ಹೊತ್ತಿಗೆ ಮತದಾನ ಮುಗಿದು ಎಣಿಕೆಯೂ ಆಗಿತ್ತು. ರೀಲ್ಸ್ ಮಾಡುವ ಹುಡುಗನಿಗೆ ಐದು ಸಾವಿರ ಹೋಯಿತು. ಅವನು ಎಐ ಧ್ವನಿ ಹಾಕಿದ, ಅದು ಕೊಬ್ಬರಿ ಅನ್ನುವುದನ್ನೂ ದೆಹಲಿಯವರ ಥರ ಹೇಳುತ್ತಿತ್ತು. ನೋಡಿದವರೆಲ್ಲ ನಕ್ಕು ಮುಂದೆ ಹೋದರು. ಒಂದು ಹಳ್ಳಿಯಲ್ಲಿ ಶಾಮಿಯಾನ ಹಾಕಿ ಸಭೆ ಮಾಡಿದೆವು. ಬಂದವರು ಮೊದಲೇ ಗೊತ್ತಿದ್ದವರು, ಚೆನ್ನಾಗಿ ಟೀ ಕುಡಿದರು. ಹೆಚ್ಚುಕಡಿಮೆ ಹದಿನೈದು ಸಾವಿರ ನೀರು ಪಾಲು. ಮನೆಯವರ ಮುಂದೆ ಈ ಲೆಕ್ಕ ಇವತ್ತಿಗೂ ಬಿಚ್ಚಿಲ್ಲ.

ದಾರಿ ಸಿಕ್ಕಿದ್ದು ನೋಟ್‌ಬುಕ್ಕಿನ ಆ ಎರಡನೇ ಕಾಲಂನಿಂದ. ಸುಮಾರು ಇನ್ನೂರು ಐಟಂ ಬರೆದಿದ್ದೆ. ಹೊರದೇಶದ ದೃಶ್ಯ ಇದ್ದದ್ದು ಐವತ್ತರ ಆಸುಪಾಸು: ಎಲ್ಲಿಯದೋ ಯುದ್ಧ, ಎಲ್ಲಿಯದೋ ದಂಗೆ, ಒಂದಷ್ಟು ವಿಡಿಯೋ ಗೇಮ್. ಹೊರಗಿನವರೇ ನಮ್ಮ ಓಟಿಗಾಗಿ ಮಾಡಿದ್ದು ಅಂತ ಎದೆ ತಟ್ಟಿ ಹೇಳುವಂಥದ್ದು ಒಂದೂ ಸಿಗಲಿಲ್ಲ. ಹಿಂದಿ ಇಂಗ್ಲಿಷಿನಲ್ಲಿ ಇರುವಷ್ಟು ದಿನ ಅದು ನಮ್ಮ ಕಡೆ ಹೈಸ್ಕೂಲ್ ಮೇಷ್ಟ್ರುಗಳ ಗುಂಪಿನಲ್ಲೇ ಸುತ್ತುತ್ತದೆ. ಯಾರೋ ಕನ್ನಡದಲ್ಲಿ ಮಾತು ಸೇರಿಸಿದ ಮೇಲೆ, ಅಥವಾ ಕನ್ನಡ ಚಾನೆಲ್ ಒಂದು ಪ್ರಶ್ನೆ ಹಾಕಿ ಚರ್ಚೆ ನಡೆಸಿದ ಮೇಲೆ, ಆ ತುಣುಕು ಸಂಜೆಯೊಳಗೆ ಡೇರಿ ಗುಂಪಿಗೆ ಬಂದು ಬೀಳುತ್ತದೆ. ಈ ಮಧ್ಯೆ ನನಗೆ ಸಿಗುವ ಹೊತ್ತು ಮೂರು ನಾಲ್ಕು ಗಂಟೆ. ಮೂಲ ಹುಡುಕುತ್ತಾ ಎರಡು ದಿನ ಕೂತರೆ ಕೆಲಸ ಕೆಟ್ಟಿತು. ಕನ್ನಡಕ್ಕೆ ಬಂದ ಕೂಡಲೇ ಹಿಡಿಯಬೇಕು. ಯಾವ ಪದ ಹಾಕಿ, ಯಾವ ಪೇಜುಗಳಲ್ಲಿ ಹುಡುಕುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಬರೆದರೆ ನಾಳೆಯೇ ಸುಳ್ಳು ಹಬ್ಬಿಸುವವರು ಪದ ಬದಲಾಯಿಸುತ್ತಾರೆ.

ವಿಧಾನ ಇಷ್ಟೇ. ನಾನು ನಾಲ್ಕು ಸಾಲು ಬರೆಯುತ್ತೇನೆ, ಇಪ್ಪತ್ತು ಜನಕ್ಕೆ ಕಳಿಸುತ್ತೇನೆ. ಡೇರಿ ಕಾರ್ಯದರ್ಶಿ, ಕಟಿಂಗ್ ಶಾಪಿನವರು, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ ಹೆಣ್ಣುಮಕ್ಕಳು, ಒಬ್ಬ ಬೋರ್‌ವೆಲ್ ಮೆಕ್ಯಾನಿಕ್. ಅವರು ಅದನ್ನು ಫಾರ್ವರ್ಡ್ ಮಾಡುವ ಹಾಗಿಲ್ಲ. ಓದಿಕೊಂಡು, ಮೊಬೈಲ್ ಕೆಳಗಿಟ್ಟು, ತಮ್ಮ ಮಾತಿನಲ್ಲಿ ತಾವೇ ರೆಕಾರ್ಡ್ ಮಾಡಿ ಹಾಕಬೇಕು. ಕೈಯಿಂದ ಕೈಗೆ ಹಲವು ಸಲ ಫಾರ್ವರ್ಡ್ ಆದ ಸುಳ್ಳಿನ ಮೇಲೆ ಎರಡು ಬಾಣದ ಗುರುತು ಇರುತ್ತದೆ, ನಮ್ಮದರ ಮೇಲೆ ಇರಲ್ಲ. ಅದಕ್ಕಿಂತ ಮುಖ್ಯ, ದಿನಾ ಹಾಲು ಅಳೆಯುವವರ ಗಂಟಲು ಅದು, ಜನಕ್ಕೆ ಗುರುತು ಸಿಗುತ್ತದೆ. ಆಶಾ, ಅಂಗನವಾಡಿಯವರನ್ನು ಮಾತ್ರ ಸೇರಿಸಬೇಡಿ. ನೀತಿಸಂಹಿತೆ ಹೊತ್ತಿನಲ್ಲಿ ಅವರಿಗೆ ಸುಮ್ನೆ ತೊಂದರೆ.

ಪೂರ್ತಿ ಕೈಹಿಡಿದದ್ದು 2025ರ ಫೆಬ್ರವರಿಯಲ್ಲಿ. ಅಮೆರಿಕದಲ್ಲಿ ಸರ್ಕಾರಿ ಖರ್ಚು ಕತ್ತರಿಸಲು ಇದ್ದ, ಇಲಾನ್ ಮಸ್ಕ್ ಅವರ ಡೋಜ್ ತಂಡ ಒಂದು ಪಟ್ಟಿ ಹಾಕಿತು, ಭಾರತದಲ್ಲಿ ಮತದಾನ ಹೆಚ್ಚಿಸಲು ಇಟ್ಟಿದ್ದ 21 ಮಿಲಿಯನ್ ಡಾಲರ್ ರದ್ದು ಅಂತ. ನಮ್ಮ ಲೆಕ್ಕದಲ್ಲಿ ನೂರೆಂಬತ್ತು ಕೋಟಿ ಚಿಲ್ಲರೆ. ಟ್ರಂಪ್ ಕೂಡ ಅದನ್ನೇ ಹೇಳಿದರು. ಬಿಜೆಪಿಯವರು ಕಾಂಗ್ರೆಸ್ ಕಡೆ ಕೈ ತೋರಿಸಿದರು, ಕಾಂಗ್ರೆಸ್‌ನವರು ಶ್ವೇತಪತ್ರ ಕೊಡಿ ಅಂದರು, ಟಿವಿಗೆ ಹಬ್ಬ. ಎರಡೇ ದಿನದಲ್ಲಿ ನಮ್ಮ ಕಡೆ ಅದು "2024ರಲ್ಲಿ ಓಟಿಗೆ ಹಂಚಿದ್ದು ಅಮೆರಿಕದ ದುಡ್ಡು" ಅಂತ ಆಗಿ, ಯಾವ ಊರಿಗೆ ಎಷ್ಟು ಬಂತು ಅನ್ನುವವರೆಗೂ ಬೆಳೆಯಿತು! ಅಷ್ಟರಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ದಾಖಲೆ ನೋಡಿ ಬರೆಯಿತು: ಆ 21 ಮಿಲಿಯನ್ 2022ರಲ್ಲಿ ಮಂಜೂರಾಗಿದ್ದು ಬಾಂಗ್ಲಾದೇಶಕ್ಕೆ. ನಾನು ಅದೇ ಮಧ್ಯಾಹ್ನ ಸಾಲು ಬರೆದೆ. ಡೇರಿ ಕಾರ್ಯದರ್ಶಿಯೊಬ್ಬರು ಅದನ್ನು ಹೇಳಿದ್ದು ಹೀಗೆ:

"ಅಣ್ಣಯ್ಯ, ಆ ಅಮೆರಿಕದ ದುಡ್ಡು ಬಾಂಗ್ಲಾದೇಶಕ್ಕೆ ಅಂತ ಇಟ್ಟಿದ್ದಂತೆ, ಪೇಪರ್‌ನೋರು ಕಾಗದ ನೋಡಿ ಬರೆದವ್ರೆ. ಟಿವೀಲಿ ಕಿರುಚ್ತಾ ಅವ್ರಲ್ಲ, ನಮ್ಮೂರಿಗೆ ಬಂತು ಅನ್ನಾಕೆ ಯಾರ ತಾವೂ ಒಂದು ಚೀಟಿ ಇಲ್ಲ. ಚೀಟಿ ತೋರ್ಸಿದ್ರೆ ನಾನೇ ಒಪ್ಕಂತೀನಿ. ಸಂಜೆ ಬಟವಾಡೆ ಐತೆ, ಪಾಸ್‌ಬುಕ್ ಮರೀಬ್ಯಾಡ."

ಕೊನೆಯ ಸಾಲು ನೋಡಿದಿರಾ? ಬಟವಾಡೆ ನಿಜವಾಗಲೂ ಇತ್ತು. ಪ್ರತಿ ನೋಟಿನಲ್ಲೂ ಹೇಳುವವರ ಆ ದಿನದ ಒಂದು ನಿಜವಾದ ಕೆಲಸ ಇರಲೇಬೇಕು. ಅದಿಲ್ಲದೆ ಹಾಕಿದರೆ ಇದೂ ಒಂದು ಪ್ರಚಾರ ಅಂತ ಜನ ಮೊದಲ ಮೂರು ಸೆಕೆಂಡಿಗೇ ಬಿಡುತ್ತಾರೆ. ನಾನು ನೋಡುವ ಮೂವತ್ತು ಚಿಲ್ಲರೆ ಗುಂಪುಗಳಲ್ಲಿ ಆ ಸುದ್ದಿ ಎರಡನೇ ಸುತ್ತು ಓಡಿದ್ದು ಏಳೆಂಟರಲ್ಲಿ. ಉಳಿದ ಕಡೆ ಯಾರಾದರೂ ಹಾಕಿದರೆ "ಚೀಟಿ ಎಲ್ಲಿ?" ಅನ್ನುವ ಉತ್ತರ ಬೀಳುತ್ತಿತ್ತು. ಆ ಮಾತು ನಾನು ಬರೆದದ್ದೇ, ಸ್ವಲ್ಪ ಜಂಬ ಪಡುತ್ತೇನೆ ಬಿಡಿ.

ಸಾಲುಗಳ ಕ್ರಮದ ಬಗ್ಗೆ ಒಂದು ಪಕ್ಕದ ಪ್ರಯೋಗ ಮಾಡಿದ್ದೆ. ಕೆಲವು ಗುಂಪಿಗೆ ಸುಳ್ಳನ್ನು ಮೊದಲು ಹೇಳಿ ಆಮೇಲೆ ನಿಜ, ಉಳಿದವಕ್ಕೆ ನಿಜ ಮೊದಲು. ನಾಲ್ಕು ದಿನ ಬಿಟ್ಟು ಹರಾಜಿನ ಜಾಗದಲ್ಲಿ ಸುಮ್ಮನೆ ಮಾತು ತೆಗೆದೆ. ಮೊದಲ ಗುಂಪಿನವರಿಗೆ ನೆನಪಿದ್ದದ್ದು ಸುಳ್ಳೇ, ಅದೂ "ಡೇರಿಯವರೇ ಹೇಳಿದರು" ಅಂತ! ಆವತ್ತಿನಿಂದ ನಿಜವೇ ಮೊದಲ ಸಾಲು. ಹೊತ್ತು ಕೂಡ ನೋಡಿದೆ. ಬೆಳಗ್ಗೆ ಹಾಕಿದ್ದನ್ನು ಯಾರೂ ಕೇಳಲ್ಲ. ಸಂಜೆ ಹಾಲು ಹಾಕಿ ಬಂದ ಮೇಲೆ, ಟಿವಿ ಚರ್ಚೆ ಶುರುವಾಗುವ ಮುಂಚೆ, ಆ ಒಂದು ಗಂಟೆ ಬಂಗಾರ. ಹೆಂಗಸರ ದನಿಯಲ್ಲಿ ಹಾಕಿದ್ದಕ್ಕೆ ಜಗಳ ಕಡಿಮೆ, ಪ್ರಶ್ನೆ ಜಾಸ್ತಿ. ಯಾಕೆ ಅಂತ ಕೇಳಬೇಡಿ.

ಹೊರಗಿನವರ ಕೈ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2016ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೂತವರು ಅಮೆರಿಕದವರ ಹಾಗೆ ಪೇಜ್ ನಡೆಸಿದ್ದು ದಾಖಲಾಗಿದೆ. ನಮ್ಮಲ್ಲೇ 2024ರ ಮೇನಲ್ಲಿ ಸ್ಟೋಯಿಕ್ ಅನ್ನುವ ಇಸ್ರೇಲಿ ಕಂಪನಿ ಬಿಜೆಪಿ ವಿರುದ್ಧ, ಕಾಂಗ್ರೆಸ್ ಪರ ಎಐನಿಂದ ಕಾಮೆಂಟು ಬರೆಸಿ ಹಾಕಿಸಲು ಶುರು ಮಾಡಿತ್ತು ಅಂತ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ಹೇಳಿತು, ಒಂದು ದಿನದೊಳಗೆ ನಿಲ್ಲಿಸಿದೆವು ಅಂತಲೂ ಹೇಳಿತು. ನಮ್ಮ ಜೊತೆಗಿದ್ದ ಹುಡುಗರು ಅದನ್ನು ಹಿಡಿಯೋಣ ಅಂತ ಎರಡು ರಾತ್ರಿ ಕೂತರು. ಇಂಗ್ಲಿಷಿನ ಕಾಮೆಂಟು ನಮ್ಮ ಗುಂಪುಗಳಿಗೆ ಎಲ್ಲಿ ಬರಬೇಕು? ಅದೇ ಹೊತ್ತಿಗೆ, ಮೀಸಲಾತಿಯೇ ತೆಗೆಯುತ್ತೇವೆ ಅನ್ನುವ ಹಾಗೆ ಕತ್ತರಿಸಿದ ಅಮಿತ್ ಶಾ ವಿಡಿಯೋ ದೇಶದೊಳಗೇ ಸುತ್ತುತ್ತಿತ್ತು. ನಮ್ಮಲ್ಲಿ ಏಪ್ರಿಲ್ 26ಕ್ಕೇ ಮತದಾನ ಮುಗಿದಿತ್ತು, ಆದರೆ ದಾವಣಗೆರೆ ಕಡೆ ಮೇ 7ಕ್ಕೆ. ನೆಂಟರಿಗೆ ಇಲ್ಲಿಂದಲೇ ಕಳಿಸುತ್ತಿದ್ದರು. ಆಲೂಗಡ್ಡೆ ಹಾಕಿದರೆ ಚಿನ್ನ ಬರುತ್ತದೆ ಅನ್ನುವ ರಾಹುಲ್ ಗಾಂಧಿ ತುಣುಕು 2017ರದ್ದು, ಮೋದಿ ಹೀಗೆ ಹೇಳುತ್ತಾರೆ ಅಂದ ಭಾಗವನ್ನು ಕತ್ತರಿಸಿದ್ದು. ಅದಂತೂ ಪ್ರತಿ ಚುನಾವಣೆಗೂ ಮತ್ತೆ ಹುಟ್ಟುತ್ತದೆ.

ರೊಮೇನಿಯಾದ್ದು ಓದಿದ್ದೀರಲ್ಲ? 2024ರ ನವೆಂಬರಿನಲ್ಲಿ ಅಧ್ಯಕ್ಷ ಚುನಾವಣೆಯಲ್ಲಿ ಯಾರೂ ಎಣಿಸದಿದ್ದ ಜಾರ್ಜೆಸ್ಕು ಅನ್ನುವ ಅಭ್ಯರ್ಥಿ ಮೊದಲ ಸುತ್ತಿನಲ್ಲಿ ಮುಂದೆ ಬಂದರು, ರಷ್ಯಾದ ಕೈವಾಡದ ಮಾತು ಬಂತು, ಡಿಸೆಂಬರ್ 6ಕ್ಕೆ ಅಲ್ಲಿನ ಸಾಂವಿಧಾನಿಕ ಕೋರ್ಟ್ ಚುನಾವಣೆಯನ್ನೇ ರದ್ದು ಮಾಡಿತು. ಆಮೇಲೆ ಅಲ್ಲಿನ ಪತ್ರಕರ್ತರು ಬರೆದ ಪ್ರಕಾರ, ಜಾರ್ಜೆಸ್ಕುಗೆ ಲಾಭ ತಂದ ಒಂದು ಟಿಕ್‌ಟಾಕ್ ಅಭಿಯಾನಕ್ಕೆ ದುಡ್ಡು ಹಾಕಿದ್ದು ದೇಶದೊಳಗಿನ ಬೇರೆ ಪಕ್ಷ. ನನ್ನ ಎರಡು ಕಾಲಂ ಅಲ್ಲೂ ಬೇಕಿತ್ತು ಅನಿಸಿತು.

ಈಗಿನ ಖರ್ಚು ತಿಂಗಳಿಗೆ ಐದು ಸಾವಿರದ ಹತ್ತಿರ, ಎಲ್ಲ ರೀಚಾರ್ಜಿಗೇ. ಅಂಗಡಿಯ ಮದುವೆ ಕಾರ್ಡಿನ ಸೀಸನ್ನಿನಲ್ಲಿ ಆ ದುಡ್ಡು ಹುಟ್ಟುತ್ತದೆ, ಆಷಾಢದಲ್ಲಿ ಕೈ ಕಚ್ಚುತ್ತದೆ. ಒಂದು ಪಕ್ಷದವರು ತಿಂಗಳಿಗೆ ಹದಿನೈದು ಸಾವಿರ ಕೊಡುತ್ತೇವೆ, ಆ ಕಡೆಯವರದ್ದು ಮಾತ್ರ ಹಿಡೀರಿ ಅಂದರು. ಇನ್ನೊಂದು ಪಕ್ಷದವರು ಹತ್ತು ಅಂದರು. ಎರಡನ್ನೂ ಬಿಟ್ಟೆ. ತಗೊಂಡಿದ್ದರೆ ಆ ಇಪ್ಪತ್ತು ಜನರಲ್ಲಿ ಒಬ್ಬರೂ ದನಿ ಕೊಡುತ್ತಿರಲಿಲ್ಲ.

ಇನ್ನೂ ಸರಿಹೋಗದೇ ಇರುವುದು ಒಂದಿದೆ: ಆಂಕರ್ ಮುಖ ಇರುವ ಮೂವತ್ತು ಸೆಕೆಂಡಿನ ಚಾನೆಲ್ ತುಣುಕು. ನೋಟ್ ಬ್ಯಾನ್ ಹೊತ್ತಿನಲ್ಲಿ 2000 ರೂಪಾಯಿ ನೋಟಿನಲ್ಲಿ ಇಲ್ಲದ ಚಿಪ್ ಇದೆ ಅಂತ ಹೇಳಿದ್ದೂ ಟಿವಿಯಲ್ಲೇ, ಅದನ್ನು ನಂಬಿದವರು ಇವತ್ತಿಗೂ ನಮ್ಮ ಅಂಗಡಿಗೆ ಬರುತ್ತಾರೆ. ಬರೀ ದನಿ ಅದರ ಮುಂದೆ ಸೋಲುತ್ತದೆ. ಅದಕ್ಕೆ ಈಗ ಕಟಿಂಗ್ ಶಾಪಿನವರ ಕೈಯಲ್ಲಿ ಕನ್ನಡಿ ಎದುರು ನಿಂತೇ ವಿಡಿಯೋ ಮಾಡಿಸಿ ಸ್ಟೇಟಸ್‌ಗೆ ಹಾಕಿಸುತ್ತಿದ್ದೇನೆ. ನಾಲ್ಕೈದು ಹಾಕಿ ಆಗಿದೆ. ಒಂದಕ್ಕೆ ಮುನ್ನೂರು ವ್ಯೂ ಬಂತು, ಉಳಿದವು ನಲವತ್ತು ದಾಟಿಲ್ಲ. ಆ ಮುನ್ನೂರರದ್ದರಲ್ಲಿ ಏನಿತ್ತು ಅಂತ ನನಗೆ ಅಂದಾಜಿದೆ, ಇನ್ನೊಂದು ಹತ್ತು ಮಾಡಿ ನೋಡಿ ಬರೆಯುತ್ತೇನೆ.